ನಿಲ್ಲದ ಅಜ್ಜನ ಭಾನುವಾರಗಳು

ತಳ್ಳುಗಾಡಿಗೆ ಮುನ್ನೂರು. ಗಾಡಿಯ ಮೇಲೆ ಹಾಸಲು ಸ್ಪಂಜಿನ ಹಾಸಿಗೆ, ಅದು ಆರುನೂರು. ಯುಪಿಎಸ್‌ಗೆ ಹೊಸ ಬ್ಯಾಟರಿ ನಾಲ್ಕು ಸಾವಿರ. ಬಿಸಿಲು ತಾಗದಿರಲೆಂದು ದೊಡ್ಡ ಕೊಡೆ, ನಾನೂರೈವತ್ತು. ಕೊಡೆ ಹಿಡಿಯಲು ಹೆತ್ತ ತಾಯಿ, ಆಕೆಗೆ ಸಂಬಳವಿಲ್ಲ. ಒಟ್ಟು ಐದು ಸಾವಿರದ ಮುನ್ನೂರೈವತ್ತು. ಅದೇ ಕಂಪ್ಯೂಟರನ್ನು ಆಫ್ ಮಾಡಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಎರಡು ಬೀದಿ ಆಚೆಗಿನ ಹೊಸ ಅಂಗಡಿಗೆ ನಡೆದುಹೋಗಿದ್ದರೆ ಖರ್ಚು ಸೊನ್ನೆ.

ಆದರೆ ಆಫ್ ಮಾಡುವ ಮಾತನ್ನು ಕೆತ್ತನೆಗಾರನ ಮುಂದೆ ಯಾರೂ ಎತ್ತುವಂತಿರಲಿಲ್ಲ.

ಅವನದು ಹಿತ್ತಾಳೆ ಫಲಕದ ಅಂಗಡಿ. ಮನೆಬಾಗಿಲಿನ ಹೆಸರು, ಡಾಕ್ಟರರ ಬೋರ್ಡು, ಓಟದಲ್ಲಿ ಗೆದ್ದವರ ಕಪ್ಪು, ನಿವೃತ್ತರಾದವರ ಶೀಲ್ಡು, ಎಲ್ಲದರ ಮೇಲೂ ಅಕ್ಷರ ಕೊರೆದು ಕೊಡುತ್ತಿದ್ದ. ಕೊರೆಯುವುದು ಯಂತ್ರ, ಯಂತ್ರಕ್ಕೆ ಅಪ್ಪಣೆ ಕೊಡುವುದು ಒಂದು ಹಳೇ ಕಂಪ್ಯೂಟರು. ಹೊಸ ಕಂಪ್ಯೂಟರುಗಳ ಮಾತನ್ನು ಆ ಯಂತ್ರ ಕೇಳುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದನ್ನು ಜೋಡಿಸಿಕೊಟ್ಟ ರಿಪೇರಿಯವನು ಚೀಲ ಹೆಗಲಿಗೇರಿಸಿಕೊಳ್ಳುತ್ತಾ ಒಂದು ಮಾತು ಹೇಳಿದ್ದ: "ಇದು ನಡೀತಿರೋವರೆಗೂ ನಡೆಯುತ್ತೆ. ಆಫ್ ಮಾಡಿದ್ರೆ ಮತ್ತೆ ಏಳುತ್ತೆ ಅಂತ ನಾನಂತೂ ಹೇಳಲಾರೆ."

ರಿಪೇರಿಯವರು ಹೊರಡುವಾಗ ಹೀಗೇನಾದರೂ ಹೇಳಿಯೇ ಹೇಳುತ್ತಾರೆ. ನಾಳೆ ಕೆಟ್ಟರೆ ತಮ್ಮ ತಲೆಗೆ ಬರಬಾರದು ನೋಡಿ. ಕೆತ್ತನೆಗಾರ ಮಾತ್ರ ಅದನ್ನು ಕಲ್ಲಿನ ಮೇಲೆ ಬರೆದಂತೆ ಮನಸ್ಸಿನಲ್ಲಿ ಇಟ್ಟುಕೊಂಡ. ಕರೆಂಟು ಹೋದರೂ ನಿಲ್ಲದಿರಲೆಂದು ಯುಪಿಎಸ್ ತಂದ. ಗೋಡೆಗೆ ಒಂದು ಕರಿಹಲಗೆ ಹಾಕಿದ. ಬೆಳಿಗ್ಗೆ ಷಟರ್ ಎತ್ತಿದೊಡನೆ ಚಾಕ್‌ಪೀಸು ಹಿಡಿದು, ಕಂಪ್ಯೂಟರು ನಿಲ್ಲದೆ ನಡೆದ ದಿನಗಳ ಲೆಕ್ಕಕ್ಕೆ ಒಂದು ಕೂಡಿಸುತ್ತಿದ್ದ. ಎರಡಂಕಿ ಮೂರಂಕಿಯಾಯಿತು, ಮೂರು ನಾಲ್ಕಾಯಿತು. ಬೀದಿಯವರು ಆ ಕಂಪ್ಯೂಟರಿಗೆ 'ಅಜ್ಜ' ಎಂದು ಹೆಸರಿಟ್ಟರು.

"ಅಣ್ಣ, ಅಜ್ಜ ಹೇಗಿದ್ದಾನೆ?"

"ಎದ್ದೇ ಇದ್ದಾನೆ!"

ಬ್ಯಾಂಕಿನಲ್ಲಿ ಸರ್ವರ್ ಡೌನ್ ಎಂದ ದಿನ ಇವನಿಗೆ ಊಟ ರುಚಿಸುತ್ತಿತ್ತು. "ಅಷ್ಟು ದೊಡ್ಡ ಬ್ಯಾಂಕು, ಬೆಳಿಗ್ಗೆಯಿಂದ ಮಲಗಿದೆಯಂತೆ. ನಮ್ಮ ಅಜ್ಜನ್ನ ಬಾಡಿಗೆಗೆ ಕೊಡ್ಲಾ ಅಂತ ಕೇಳಿ ಬಂದೆ," ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ಇನ್ನೊಂದು ಸೌಟು ಬಡಿಸಿ ಸುಮ್ಮನಿರುತ್ತಿದ್ದಳು.

ಸುಮ್ಮನಿರದೆ ಏನು ಮಾಡಿಯಾಳು? ಅಜ್ಜ ಪ್ರತಿ ಭಾನುವಾರ ಮಲಗುತ್ತಿದ್ದ. ಮಲಗಿಸುತ್ತಿದ್ದವಳು ಅವಳೇ.

ಮೊದಲ ಸಲ ಆದದ್ದು ಬೇಕೆಂದಲ್ಲ. ಗಂಡ ಹಿತ್ತಾಳೆ ತಗಡು ತರಲು ಹೋಗಿದ್ದ. ಶೀಲ್ಡೊಂದು ಅರ್ಧ ಕೊರೆದಿತ್ತು. ಅಷ್ಟರಲ್ಲಿ ಪರದೆ ಕಲ್ಲಾಗಿ ಕೂತಿತು. ಮೌಸು ಎಳೆದರೆ ಬಾಣ ಕದಲದು, ಕೀಲಿ ಒತ್ತಿದರೆ ಉತ್ತರವಿಲ್ಲ. ಅರ್ಧ ಗಂಟೆ ಕಾದಳು. ಆಮೇಲೆ, ಹಟ ಹಿಡಿದ ಮಿಕ್ಸಿಗೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಆಫ್ ಮಾಡಿ, ಒಂದು ಲೋಟ ನೀರು ಕುಡಿದು, ಮತ್ತೆ ಆನ್ ಮಾಡಿದಳು. ಅಜ್ಜ ಗೊರಗೊರ ಎಂದ, 'ಇವತ್ತು ಯಾವ ತಾರೀಖು ಅಂತ ನನಗೆ ಗೊತ್ತಿಲ್ಲ, ಮುಂದುವರಿಯಲು ಎಫ್‌ಒನ್ ಒತ್ತಿ' ಎಂಬರ್ಥದ್ದೇನೋ ಪರದೆಯ ಮೇಲೆ ಹೇಳಿದ. ಒತ್ತಿದಳು. ತಾರೀಖು ತಿದ್ದಿದಳು. ಅಜ್ಜ ಎದ್ದ, ಅದೂ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಲವಲವಿಕೆಯಲ್ಲಿ. ಅಳಿಸಿಹೋದ ಅಕ್ಷರಗಳನ್ನು ಆರ್ಡರ್ ಚೀಟಿ ನೋಡಿ ಮತ್ತೆ ಟೈಪ್ ಮಾಡಿದಳು. ಯಂತ್ರ ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಕೊರೆಯಿತು.

ಅವತ್ತೇ ಹೇಳಬೇಕೆಂದಿದ್ದಳು. ಆದರೆ ಗಂಡ ಬಾಗಿಲಲ್ಲೇ ಯಾರೋ ಗಿರಾಕಿಯನ್ನು ನಿಲ್ಲಿಸಿಕೊಂಡು, "ಇವತ್ತಿಗೆ ನೂರು ದಿನ ಆಯ್ತು ಸಾರ್, ಕಣ್ಣು ಮುಚ್ಚಿಲ್ಲ!" ಎಂದು ಹಲಗೆ ತೋರಿಸುತ್ತಿದ್ದ. ಆ ಮುಖ ನೋಡಿ ಇವಳ ನಾಲಿಗೆ ಏಳಲಿಲ್ಲ. ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದಾಗುತ್ತದೆ. ಮುಂದಿನ ವಾರ ಹೇಳಿದರೆ ಒಂದು ವಾರ ಮುಚ್ಚಿಟ್ಟೆಯಾ ಎಂದಾಗುತ್ತದೆ. ಹೀಗೆ ಹೇಳುವ ಮಾತು ದಿನೇ ದಿನೇ ಭಾರವಾಗುತ್ತಾ ಹೋಯಿತು, ಹಲಗೆಯ ಅಂಕಿ ಏರುತ್ತಾ ಹೋಯಿತು.

ಅಜ್ಜನಿಗೆ ವಾರ ಕಳೆದರೆ ಮಂಪರು ಹಿಡಿಯುತ್ತದೆ ಎಂಬುದು ಅವಳಿಗೆ ಬೇಗ ತಿಳಿಯಿತು. ಗಂಡ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಟಿಂಗ್ ಶಾಪಿಗೆ ಹೋಗಿ, ಗಡ್ಡ ತೆಗೆಸಿ, ಪೇಪರ್ ಓದಿ, ಊರ ಸುದ್ದಿಯೆಲ್ಲ ಮಾತಾಡಿ ಬರುವವನು. ಆ ಹೊತ್ತಿಗೆ ಇವಳು ಅಂಗಡಿಯ ಮೇಲಿನ ಮನೆಯಿಂದ ಇಳಿದು ಕೆಲಸ ಮುಗಿಸುತ್ತಿದ್ದಳು. ಮೂರನೇ ವಾರ ಅತ್ತೆ ಹಿಡಿದರು.

"ಏನು ಮಾಡ್ತಿದ್ದೀಯೇ ಅಲ್ಲಿ?"

ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಚಿಕ್ಕವನಿದ್ದಾಗ ಇವನೂ ಹೀಗೇ ಕಣೇ. ನಂಗೆ ನಿದ್ದೆ ಬರಲ್ಲ, ನಾನು ಮಲಗೋದೇ ಇಲ್ಲ ಅಂತ ರಾಗ. ತಟ್ಟಿ ತಟ್ಟಿ ಮಲಗಿಸ್ತಿದ್ದೆ. ಬೆಳಿಗ್ಗೆ ಎದ್ದು, 'ನೋಡಮ್ಮ, ನಾನು ಮಲಗಲೇ ಇಲ್ಲ' ಅಂತಿದ್ದ. ಹೋಗಲಿ ಬಿಡು ಅಂತ ನಾನೂ ಹೂಂ ಅಂತಿದ್ದೆ." ಅಂದಿನಿಂದ ಭಾನುವಾರ ಹತ್ತಕ್ಕೆ ಅತ್ತೆ ಬಾಲ್ಕನಿಯಲ್ಲಿ ಟವಲ್ ಹಿಡಿದು ನಿಲ್ಲುತ್ತಿದ್ದರು. ಮಗ ತಿರುವಿನಲ್ಲಿ ಕಂಡರೆ ಟವಲ್ಲನ್ನು ಎರಡು ಸಲ ಜೋರಾಗಿ ಕೊಡವುವುದು, ಅಷ್ಟೇ ಕೆಲಸ.

ಇದರಲ್ಲಿ ಇನ್ನೊಂದು ತೊಡಕಿತ್ತು. ಕೆತ್ತನೆಗಾರ ಯಾವತ್ತೂ ಸೇವ್ ಮಾಡಿದವನಲ್ಲ. "ಎದ್ದೇ ಇರೋನ ಹತ್ರ ಇಟ್ಟಿದ್ದು ಎಲ್ಲಿಗೆ ಹೋಗುತ್ತೆ?" ಎಂಬುದು ಅವನ ವಾದ. ಹಾಗಾಗಿ ಅವಳು ಮೊದಲು ಅವನು ತೆರೆದಿಟ್ಟ ಒಂದೊಂದು ಫಲಕವನ್ನೂ ಸೇವ್ ಮಾಡಿ, ಅಜ್ಜನನ್ನು ಮಲಗಿಸಿ, ಎಬ್ಬಿಸಿ, ತಾರೀಖು ತಿದ್ದಿ, ಎಲ್ಲವನ್ನೂ ಇದ್ದ ಜಾಗಕ್ಕೇ ತೆರೆದಿಡಬೇಕಿತ್ತು. ಅಷ್ಟರಲ್ಲಿ ಮೇಲೆ ಅವಳ ಟೀ ಆರಿ ತಣ್ಣಗಾಗಿರುತ್ತಿತ್ತು.

ಸೋಮವಾರ ಬೆಳಿಗ್ಗೆ ಕೆತ್ತನೆಗಾರ ಕಂಪ್ಯೂಟರಿನ ಬೆನ್ನು ತಟ್ಟಿ ಹೇಳುತ್ತಿದ್ದ: "ಸೋಮವಾರ ಬಂತೂಂದ್ರೆ ಅಜ್ಜನಿಗೆ ಅದೇನು ಹುರುಪೋ! ಹಳೇ ಕಾಲದ ದೇಹ."

"ಹೂಂ," ಎನ್ನುತ್ತಿದ್ದಳು ಅವಳು.

ಹೀಗೇ ನಡೆದುಹೋಗುತ್ತಿತ್ತು, ಗಂಡನಿಗೆ ಹೊಸದೊಂದು ಫಲಕದ ಯೋಚನೆ ಬರದಿದ್ದರೆ.

ಹಳೇ ಅಂಗಡಿಯ ಮಾಲೀಕ ಅಂಗಡಿ, ಮೇಲಿನ ಮನೆ ಎರಡನ್ನೂ ಬಿಡಿಸಿದ. ಎರಡು ಬೀದಿ ಆಚೆ, ಮೂಲೆಯಲ್ಲಿ, ದೊಡ್ಡ ಗಾಜಿನ ಬಾಗಿಲಿನ ಅಂಗಡಿ, ಅದರ ಮೇಲೊಂದು ಮನೆ ಸಿಕ್ಕಿತು. ಭಾನುವಾರ ಸಾಗಿಸುವುದೆಂದಾಯಿತು. ಶನಿವಾರ ಮಧ್ಯಾಹ್ನ ಕೆತ್ತನೆಗಾರ ಮೊಳದುದ್ದದ ಹಿತ್ತಾಳೆ ತಗಡೊಂದನ್ನು ಒರೆಸಿ ಹೊಳಪು ಮಾಡಿಟ್ಟು, ಪರದೆಯ ಮೇಲೆ ಏನೋ ಟೈಪ್ ಮಾಡಿ ಹೆಂಡತಿಯನ್ನು ಕರೆದ.

"ಬಾ, ಓದು. ಹೊಸ ಅಂಗಡಿಯಲ್ಲಿ ಮೊದಲು ಕೊರೆಯೋದು ಇದೇ. ಬಾಗಿಲ ಮೇಲೆ ಹಾಕ್ತೀನಿ."

ಅವರ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ 'ಸರಿ' ಎನ್ನದ ಹೊರತು ಯಂತ್ರ ಶುರುವಾಗಬಾರದು. ಹಲ್ಲಿನ ಡಾಕ್ಟರರೊಬ್ಬರ ಬೋರ್ಡಿನಲ್ಲಿ ಬೆಳಿಗ್ಗೆ ಒಂಬತ್ತು ಎನ್ನುವುದು ಆರು ಎಂದಾಗಿ, ಪಾಪ ಆ ಮನುಷ್ಯ ಬ್ರಷ್ ಬಾಯಲ್ಲಿಟ್ಟುಕೊಂಡೇ ರೋಗಿಗಳಿಗೆ ಬಾಗಿಲು ತೆಗೆಯುವಂತಾದ ಮೇಲೆ ಮಾಡಿಕೊಂಡ ಕಟ್ಟು ಅದು. ಕಾಗದವಾದರೆ ಹರಿಯಬಹುದು, ಹಿತ್ತಾಳೆಯ ಮೇಲೆ ಬಿದ್ದದ್ದು ಬಿದ್ದ ಹಾಗೇ.

ಅವಳು ಕನ್ನಡಕ ಹಾಕಿಕೊಂಡು ಮನಸ್ಸಿನಲ್ಲೇ ಓದಿದಳು. 'ಒಂಬತ್ತು ವರ್ಷಗಳಿಂದ ಒಂದು ಕ್ಷಣವೂ ನಿಲ್ಲದ ಕಂಪ್ಯೂಟರ್ ಇರುವ ಅಂಗಡಿ.'

"ಯಾಕೆ, ಅಕ್ಷರ ಚಿಕ್ಕದಾಯ್ತಾ?"

"ಅಲ್ಲಿಗೆ ಹೋದ ಮೇಲೆ ಓದ್ತೀನಿ ರೀ. ಈಗ ಕಣ್ಣು ಉರೀತಿದೆ," ಎಂದು ಮಹಡಿ ಹತ್ತಿದಳು.

ಅಡಿಗೆಮನೆಯಲ್ಲಿ ಅತ್ತೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಸಂಗತಿ ಕೇಳಿ, "ಸರಿ ಅಂತ ಅಂದುಬಿಡೆ, ಅಷ್ಟರಲ್ಲೇನು. ಇಷ್ಟು ವರ್ಷ ಹಲಗೆಯಲ್ಲಿ ಬರೀತಾನೇ ಇಲ್ವಾ?" ಎಂದರು.

"ಚಾಕ್‌ಪೀಸಿನ ಸುಳ್ಳು ಬೇರೆ ಅತ್ತೆ. ಕೈಯಲ್ಲಿ ಒರೆಸಿದ್ರೆ ಹೋಗುತ್ತೆ. ಹಿತ್ತಾಳೆಗೆ ನಾನು ಇವತ್ತಿನವರೆಗೆ ತಪ್ಪು 'ಸರಿ' ಅಂದಿಲ್ಲ."

ಅತ್ತೆ ಲೋಟವೊಂದನ್ನು ಸುತ್ತಿ ಪಕ್ಕಕ್ಕಿಟ್ಟರು. "ಹಾಗಾದ್ರೆ ಹೇಳು. ಆದ್ರೆ ಸಾಗಿಸಿ ಮುಗಿದ ಮೇಲೆ ಹೇಳು. ಗಾಡಿಗೂ ಹಾಸಿಗೆಗೂ ಈಗಾಗಲೇ ದುಡ್ಡು ಕೊಟ್ಟುಬಿಟ್ಟಿದ್ದಾನೆ, ಮೆರವಣಿಗೆ ಒಂದು ಮಾಡ್ಕೊಳ್ಳಲಿ, ಪಾಪ."

ಭಾನುವಾರ ಬೆಳಿಗ್ಗೆ ಗಾಡಿಯವನು ಬಂದ. ಹಾಸಿಗೆ, ಅದರ ಮೇಲೆ ದುಪ್ಪಟಿ, ಮೇಲೆ ಕೊಡೆ ನೋಡಿ ದನಿ ತಗ್ಗಿಸಿ ಕೇಳಿದ, "ಯಾರಿಗಮ್ಮ ಹುಷಾರಿಲ್ಲ? ಆಸ್ಪತ್ರೆಗಾ?"

"ಅಜ್ಜನಿಗಪ್ಪ," ಎಂದರು ಅತ್ತೆ. "ನಿದ್ದೆ ಬರಲ್ಲ."

ಅಜ್ಜನನ್ನು ಹಾಸಿಗೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಯುಪಿಎಸ್, ಎದುರಿಗೆ ಪರದೆ, ಎಲ್ಲವೂ ನಡೆಯುತ್ತಲೇ ಇದ್ದವು. ಕೀಬೋರ್ಡು ಹೆಂಡತಿಯ ಕೈಯಲ್ಲಿ. ಅದರ ವೈರು ಗಿಡ್ಡವಾದ್ದರಿಂದ ಗಾಡಿ ಎಷ್ಟು ಹೋದರೆ ಅವಳೂ ಅಷ್ಟೇ ಹೋಗಬೇಕು, ಗಾಡಿ ನಿಂತರೆ ನಿಲ್ಲಬೇಕು. ಅತ್ತೆ ಕೊಡೆ ಹಿಡಿದರು. ಕೆತ್ತನೆಗಾರ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, "ಮೆತ್ತಗೆ... ಗುಂಡಿ, ಗುಂಡಿ ಇದೆ... ಎಡಕ್ಕೆ..." ಎಂದು ದಾರಿ ತೋರಿಸಿದ. ಬ್ಯಾಟರಿ ಮುಕ್ಕಾಲು ಗಂಟೆ ಬರುತ್ತದೆ ಎಂದು ಬ್ಯಾಟರಿ ಮಾರಿದವನು ಭರವಸೆ ಕೊಟ್ಟಿದ್ದ. ದಾರಿಯೋ ಹತ್ತು ನಿಮಿಷದ್ದು. ಗಾಡಿಯನ್ನು ಇವನು ನಡೆಸಿದ ಪರಿಗೆ ಅರ್ಧ ಗಂಟೆ ಹಿಡಿದರೂ ಸಾಲಬೇಕಿತ್ತು.

ಸಾಲುತ್ತಿತ್ತು, ನಡುವೆ ಕಟಿಂಗ್ ಶಾಪು ಬರದಿದ್ದರೆ.

"ಏನಣ್ಣ, ಅಜ್ಜನ್ನ ಕಟಿಂಗಿಗೆ ಕರ್ಕೊಂಡು ಬಂದ್ರಾ?" ಎಂದು ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ, ಅವನ ಹಿಂದೆ ಬೆಂಚಿನ ಮೇಲಿದ್ದವರು. ಕೆತ್ತನೆಗಾರ ಗಾಡಿ ನಿಲ್ಲಿಸಿದ. ಪರದೆ ತೋರಿಸಿದ. ನಾಲ್ಕಂಕಿಯ ಲೆಕ್ಕ ಹೇಳಿದ. ಬ್ಯಾಂಕಿನ ಕಥೆ ಹೇಳಿದ. ಆ ಕಥೆ ಅವರೆಲ್ಲರೂ ಕೇಳಿದ್ದೇ, ಆದರೆ ಅಜ್ಜ ಎದುರಿಗೇ ಕೂತಿರುವಾಗ ಅದಕ್ಕೆ ಬೇರೆಯೇ ಕಳೆ ಬಂತು.

ಎಲ್ಲೋ 'ಪೀಂ... ಪೀಂ...' ಎಂದು ಸದ್ದಾಯಿತು.

"ರೀ," ಎಂದಳು ಹೆಂಡತಿ.

"ಯಾವುದೋ ಕಾರು ರಿವರ್ಸ್ ತಗೋತಿದೆ, ಇರು. ನಾನು ಮ್ಯಾನೇಜರಿಗೆ ಹೇಳ್ದೆ, ಸಾರ್, ನಮ್ಮ ಅಜ್ಜ..."

"ರೀ, ಕಾರಲ್ಲ. ಯುಪಿಎಸ್."

ಸದ್ದು ಪೀಂಪೀಂಪೀಂ ಎಂದು ಅವಸರ ಮಾಡಿತು. ಕೆತ್ತನೆಗಾರ ಬಣ್ಣಗೆಟ್ಟು ಯುಪಿಎಸ್‌ನ ವೈರು ಹಿಡಿದು ಶಾಪಿನೊಳಕ್ಕೆ ಓಡಿದ. ವೈರು ಅವನಷ್ಟು ದೂರ ಓಡಲಿಲ್ಲ. "ಗಾಡಿ ಒಳಗೆ ತಗೊಳ್ಳೋ!" ಗಾಡಿ ಬಾಗಿಲಿಗಿಂತ ಅಗಲವಿತ್ತು. ಕಟಿಂಗ್ ಶಾಪಿನವನು ಟ್ರಿಮ್ಮರಿನ ಪ್ಲಗ್ ಕಿತ್ತು ಎಕ್ಸ್‌ಟೆನ್ಷನ್ ಬಾಕ್ಸು ತಂದ. ಅದನ್ನು ಸಿಕ್ಕಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಅಜ್ಜನ ಫ್ಯಾನು ಉಸ್ಸೆಂದು ನಿಂತಿತು.

ಅರ್ಧ ಗಡ್ಡದವನು ಹತ್ತಿರ ಬಂದು ಬಗ್ಗಿ ನೋಡಿದ.

ಕೆತ್ತನೆಗಾರ ಫೋನು ತೆಗೆದು ಹಳೇ ರಿಪೇರಿಯವನನ್ನು ಹಿಡಿದ. ಅವನು ಬೇರೆ ಊರಿನಲ್ಲಿದ್ದ. "ಏನೂ ಮುಟ್ಟಬೇಡಿ. ನಾಳೆ ಸಂಜೆ ಬಂದು ನೋಡ್ತೀನಿ. ಏಳುತ್ತೆ ಅಂತ ನಾನಂತೂ ಹೇಳಲಾರೆ," ಎಂದ. ಒಂಬತ್ತು ವರ್ಷದಲ್ಲಿ ಅವನ ಮಾತೇನೂ ಬದಲಾಗಿರಲಿಲ್ಲ.

ಕೆತ್ತನೆಗಾರ ಮೆಟ್ಟಿಲ ಮೇಲೆ ಕೂತ. "ಹಲಗೆ ಹಾಳಾಗಿ ಹೋಗಲಿ," ಎಂದ ಸಣ್ಣ ದನಿಯಲ್ಲಿ. "ಒಂಬತ್ತು ವರ್ಷದ ಕೆಲಸ ಅದರೊಳಗಿತ್ತು ಕಣೇ. ಎಷ್ಟು ಜನರ ಹೆಸರು, ಎಷ್ಟು ನಮೂನೆ. ಒಂದನ್ನೂ ಸೇವ್ ಮಾಡಿಲ್ಲ ನಾನು. ನಾಳೆ ಯಾರಾದರೂ ಬಂದು ಅದೇ ಥರ ಇನ್ನೊಂದು ಮಾಡಿಕೊಡಿ ಅಂದ್ರೆ ಏನು ತೋರಿಸಲಿ? ಹೊಸ ಅಂಗಡಿಗೆ ಬಾಡಿಗೆ ಎಲ್ಲಿಂದ ಕಟ್ಟಲಿ?"

ಅತ್ತೆ ಸೊಸೆಯನ್ನು ನೋಡಿದರು. ಕೊಡೆ ಮಡಚಿದರು.

ಅವಳ ಮುಂದೆ ಸುಲಭದ ದಾರಿಯೊಂದಿತ್ತು. ನಾಳೆಯವರೆಗೆ ಸುಮ್ಮನಿದ್ದರೆ ರಿಪೇರಿಯವನು ಬಂದು ಗುಂಡಿ ಒತ್ತುತ್ತಾನೆ, ಅಜ್ಜ ಏಳುತ್ತಾನೆ, ಹೆಸರು ಅವನಿಗೆ ಹೋಗುತ್ತದೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಆದರೆ ಈ ಮನುಷ್ಯ ಇವತ್ತು ಊಟ ಮಾಡುವುದಿಲ್ಲ, ನಾಳೆ ಸಂಜೆವರೆಗೂ ಹೀಗೇ ಕೂತಿರುತ್ತಾನೆ.

"ಏಳಿ ಈ ಕಡೆ," ಎಂದಳು.

ಬಗ್ಗಿ ಅಜ್ಜನ ಗುಂಡಿ ಒತ್ತಿದಳು.

"ಅಯ್ಯೋ, ಮುಟ್ಟಬೇಡ ಅಂದಿದ್ದಾನೆ!"

ಅಜ್ಜ ಗೊರಗೊರ ಎಂದ. ಅವಳು ಕೀಬೋರ್ಡನ್ನು ಮುಂಗೈ ಮೇಲಿಟ್ಟುಕೊಂಡು, ಗಂಡನ ಕಡೆ ತಿರುಗಿ, "ನೀರು ಕುಡೀರಿ ಮೊದಲು. ಇವರೇ, ಒಂದು ಲೋಟ ನೀರು ಕೊಡ್ತೀರಾ?" ಎನ್ನುತ್ತಲೇ ಪರದೆ ನೋಡದೆ ಎಫ್‌ಒನ್ ಒತ್ತಿದಳು. ತಾರೀಖು, ತಿಂಗಳು, ವರ್ಷ ಹೊಡೆದಳು. ಲೋಟ ಬರುವಷ್ಟರಲ್ಲಿ ಅಜ್ಜ ಎದ್ದು ಕೂತಿದ್ದ. ಇನ್ನೊಂದೆರಡು ಕೀಲಿ ಒತ್ತಿದಳು. ಫಲಕಗಳ ಪಟ್ಟಿ ಪರದೆ ತುಂಬ ಇಳಿಯಿತು, ಮೊದಲ ವರ್ಷದ್ದರಿಂದ ಈ ವಾರದ್ದರವರೆಗೆ.

"ಎದ್ದ! ಅಜ್ಜ ಎದ್ದ!" ಎಂದು ಕಟಿಂಗ್ ಶಾಪಿನವನು ಕತ್ತರಿ ಆಡಿಸಿದ.

ಕೆತ್ತನೆಗಾರ ಪರದೆ ನೋಡಲಿಲ್ಲ. ಹೆಂಡತಿಯ ಬೆರಳು ನೋಡುತ್ತಿದ್ದ. ಮೂವತ್ತು ವರ್ಷ ಕೈಕೆಲಸ ಮಾಡಿದವನು ಅವನು. ಹೊಸದಾಗಿ ಮಾಡುವ ಕೈ ಯಾವುದು, ಪಳಗಿದ ಕೈ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನೀನು ನೋಡದೆ ಒತ್ತಿದೆ."

"ಹೂಂ."

"ಎಷ್ಟು ಸಲ ಮಾಡಿದ್ದೀಯ?"

"ಪ್ರತಿ ಭಾನುವಾರ. ಲೆಕ್ಕ ಇಟ್ಟಿಲ್ಲ. ಲೆಕ್ಕ ಇಡೋದು ನಿಮ್ಮ ಕೆಲಸ ಅಲ್ವಾ?"

ಕಟಿಂಗ್ ಶಾಪಿನವನಿಗೆ ತಡೆಯಲಾಗಲಿಲ್ಲ. "ಅಂದ್ರೆ ಅಣ್ಣ, ನೀವು ಇಲ್ಲಿ ನನ್ನ ಕುರ್ಚಿಯಲ್ಲಿ ಕೂತು 'ಎದ್ದೇ ಇದ್ದಾನೆ' ಅಂತಿದ್ದಾಗೆಲ್ಲ, ಅಲ್ಲಿ ಅಜ್ಜ..."

"ನಿನ್ನ ಗಿರಾಕಿಗೆ ಇನ್ನೊಂದು ಕೆನ್ನೆ ಬಾಕಿ ಇದೆ, ಹೋಗು," ಎಂದರು ಅತ್ತೆ.

ಕೆತ್ತನೆಗಾರ ತಾಯಿಯ ಕಡೆ ತಿರುಗಿದ. "ಅಮ್ಮ, ನಿನಗೂ ಗೊತ್ತಿತ್ತಾ?"

"ನಾನು ಬಟ್ಟೆ ಒಣಗಿಸ್ತಿದ್ದೆ ಅಷ್ಟೇ ಕಣೋ."

"ಒಂದೇ ಟವಲ್ಲು. ಮಳೆಗಾಲದಲ್ಲೂ." ಅವನ ದನಿಯಲ್ಲಿ ಸಿಟ್ಟಿತ್ತೋ ನಗುವಿತ್ತೋ ಹೇಳುವುದು ಕಷ್ಟ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಮುಂದಿನ ದಾರಿಯ ಮಾತನ್ನು ಗಾಡಿಯವನೇ ಎತ್ತಿದ, "ಸಾರ್, ಬ್ಯಾಟರಿ ಖಾಲಿ. ಹೇಗೆ ಹೋಗೋದು?" ಕೆತ್ತನೆಗಾರ ಒಂದು ಗಳಿಗೆ ನಿಂತ. ಆಮೇಲೆ ತಾನೇ ಬಗ್ಗಿ ಅಜ್ಜನನ್ನು ಆಫ್ ಮಾಡಿದ. ಒಂಬತ್ತು ವರ್ಷದಲ್ಲಿ ಅವನು ಆ ಕೆಲಸ ಮಾಡಿದ್ದು ಅದೇ ಮೊದಲು. ಎಲ್ಲಿ ಒತ್ತಬೇಕೆಂದು ಹೆಂಡತಿ ತೋರಿಸಬೇಕಾಯಿತು. ಉಳಿದ ಒಂದು ಬೀದಿಯನ್ನು ಗಾಡಿ ಐದು ನಿಮಿಷದಲ್ಲಿ ದಾಟಿತು. ಗುಂಡಿಗಳನ್ನು ಯಾರೂ ಎಣಿಸಲಿಲ್ಲ.

ಹೊಸ ಅಂಗಡಿಯಲ್ಲಿ ಯಂತ್ರಕ್ಕೆ ಜೋಡಿಸಿ, ಅಜ್ಜನನ್ನು ಎಬ್ಬಿಸಿ, ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದ.

"ನಿನ್ನೆ ಟೈಪ್ ಮಾಡಿದ ಫಲಕ ಇಲ್ಲ."

"ಉಳಿದದ್ದನ್ನೆಲ್ಲ ನಿನ್ನೆ ರಾತ್ರಿಯೇ ಸೇವ್ ಮಾಡಿಟ್ಟಿದ್ದೆ. ಅದೊಂದನ್ನು ಮಾಡಿರಲಿಲ್ಲ."

"ಮರೆತೆಯಾ?"

"ಇಲ್ಲ."

ಅವನು ಅವಳ ಮುಖ ನೋಡಿದ. ಹೊಳಪು ಮಾಡಿಟ್ಟ ತಗಡು ನೋಡಿದ. "ಅದಕ್ಕೇ ಕಣ್ಣು ಉರೀತಿತ್ತು," ಎಂದ.

"ಹಿತ್ತಾಳೆ ಅಲ್ವಾ ರೀ."

"ಹಾಳಾದ್ದು, ನಾನು ಮಾಡಿದ ಕಟ್ಟು ನನ್ನ ಕುತ್ತಿಗೆಗೇ ಬಂತು." ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಒಂದೊಂದೇ ಬೆರಳಲ್ಲಿ ಏನೋ ಟೈಪ್ ಮಾಡಿದ. "ಓದು."

ಅವಳು ಗಟ್ಟಿಯಾಗಿ ಓದಿದಳು: "ಭಾನುವಾರ ಬೆಳಿಗ್ಗೆ ಹತ್ತರಿಂದ ಹತ್ತೂವರೆಯವರೆಗೆ ಅಜ್ಜನಿಗೆ ವಿಶ್ರಾಂತಿ. ದಯವಿಟ್ಟು ಕಾಯಿರಿ."

"ಸರಿನಾ?"

"ಹತ್ತೂವರೆ ಬೇಡ. ಹತ್ತೂಕಾಲು ಸಾಕು ಅಜ್ಜನಿಗೆ."

ತಿದ್ದಿದ. ಅವಳು ಮತ್ತೊಮ್ಮೆ ಓದಿದಳು.

"ಸರಿ," ಎಂದಳು.

ಕಟಿಂಗ್ ಶಾಪಿನಲ್ಲಿ ಒಂದು ತಿಂಗಳು ಅವನನ್ನು ಚೆನ್ನಾಗಿಯೇ ಗೋಳುಹೊಯ್ದುಕೊಂಡರು. ಬ್ಯಾಂಕಿನ ಕಥೆಯನ್ನು ಅವನು ಮತ್ತೆ ಎತ್ತಲಿಲ್ಲ. ಅಜ್ಜನಿಗೆ ತಾರೀಖು ನೆನಪಿರದಿದ್ದದ್ದು ಒಳಗಿನ ಗುಂಡಿಯಾಕಾರದ ಸಣ್ಣ ಬ್ಯಾಟರಿ ಸತ್ತದ್ದರಿಂದ ಎಂದು ಆಮೇಲೆ ಗೊತ್ತಾಯಿತು. ಹೊಸದಕ್ಕೆ ನಲವತ್ತು. ಅದನ್ನು ಹಾಕಿದ ಮೇಲೆ ಅಜ್ಜ ಎಫ್‌ಒನ್ ಕೇಳುವುದನ್ನೂ ಬಿಟ್ಟ. ಈಗ ಭಾನುವಾರ ಹತ್ತಕ್ಕೆ ಸೇವ್ ಮಾಡುವವನೂ ಮಲಗಿಸುವವನೂ ಎಬ್ಬಿಸುವವನೂ ಕೆತ್ತನೆಗಾರನೇ, ಗಡ್ಡ ಹನ್ನೊಂದಕ್ಕೆ.

ಹೋದದ್ದು: ಗಾಡಿ, ಹಾಸಿಗೆ, ಬ್ಯಾಟರಿ, ಕೊಡೆಯ ಐದು ಸಾವಿರದ ಮುನ್ನೂರೈವತ್ತು, ಹಲಗೆಯ ಮೇಲಿನ ನಾಲ್ಕಂಕಿ, ಮತ್ತೆ ಅತ್ತೆಯ ಕಾವಲು ಕೆಲಸ. ಬಂದದ್ದು: ಕೆತ್ತನೆಗಾರನ ಹೆಂಡತಿಗೆ ಭಾನುವಾರ ಬೆಳಿಗ್ಗೆ ಬಿಸಿಯಾದ ಒಂದು ಲೋಟ ಟೀ.